ಮುಸ್ಸಂಜೆಯ ಮದುವೆ ಛಾಯಾಗ್ರಹಣ

ಮುಸ್ಸಂಜೆಯ ಮದುವೆ ಛಾಯಾಗ್ರಹಣವು ಸೂರ್ಯಾಸ್ತದ ನಂತರ ಆಕಾಶದಲ್ಲಿ ಉಳಿಯುವ ಬೆಳಕನ್ನೂ ಕ್ಯಾಮೆರಾದಿಂದ ದೂರವಿರಿಸಿದ ಫ್ಲ್ಯಾಶ್ ದೀಪದ ಬೆಳಕನ್ನೂ ಒಂದೇ ಚಿತ್ರದಲ್ಲಿ ಬಳಸಿಕೊಂಡು ವಧೂವರರ ಭಾವಚಿತ್ರ ತೆಗೆಯುವ ವಿಧಾನವಾಗಿದೆ. ಆರತಕ್ಷತೆಯು ಸಾಮಾನ್ಯವಾಗಿ ಸಂಜೆ ನಡೆಯುವುದರಿಂದ ವಧೂವರರು ಅಲಂಕೃತರಾಗುವ ಹೊತ್ತಿಗೆ ಈ ಬೆಳಕು ದೊರೆಯುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರದ ಕೆರೆಗಳೂ ತೆಂಗಿನ ತೋಟಗಳೂ ಇದಕ್ಕೆ ಒಪ್ಪುವ ಹಿನ್ನೆಲೆಗಳು.

ತತ್ತ್ವ

ಫ್ಲ್ಯಾಶ್ ಬೆಳಗುವುದು ಕ್ಷಣಮಾತ್ರ. ಆದ್ದರಿಂದ ಷಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಮುಖದ ಮೇಲಿನ ಫ್ಲ್ಯಾಶ್ ಬೆಳಕನ್ನು ಬದಲಿಸದೆ ಆಕಾಶದ ಹೊಳಪನ್ನು ಮಾತ್ರ ಬದಲಿಸುತ್ತದೆ. ಅಪರ್ಚರ್ ಹಾಗೂ ಐಎಸ್‌ಒ ಎರಡನ್ನೂ ಬದಲಿಸುತ್ತವೆ. ಬಹುಪಾಲು ಕ್ಯಾಮೆರಾಗಳಲ್ಲಿ ಫ್ಲ್ಯಾಶ್‌ಗೆ ಹೊಂದುವ ಗರಿಷ್ಠ ಷಟರ್ ವೇಗ 1/200 ಅಥವಾ 1/250 ಸೆಕೆಂಡ್. ದೀಪದ ದೂರವನ್ನು 1 ಮೀಟರಿನಿಂದ 2 ಮೀಟರಿಗೆ ಹೆಚ್ಚಿಸಿದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ವಿಧಾನ

ಕ್ಯಾಮೆರಾದ ಮೇಲಿರುವ ಫ್ಲ್ಯಾಶ್ ಮುಖವನ್ನು ಚಪ್ಪಟೆಯಾಗಿ ತೋರಿಸುತ್ತದೆ. ಓರೆಬಿಸಿಲಿನಲ್ಲಿ ಹೊಯ್ಸಳ ಶಿಲ್ಪದ ಉಬ್ಬುತಗ್ಗುಗಳು ಎದ್ದು ಕಾಣುವಂತೆ, ಪಕ್ಕದಿಂದ ತುಸು ಎತ್ತರದಲ್ಲಿ ಹಿಡಿದ ದೀಪವು ಮುಖದ ಆಕಾರವನ್ನೂ ಒಡವೆಗಳ ಕುಸುರಿಯನ್ನೂ ತೋರಿಸುತ್ತದೆ. ದೀಪದ ಮುಂದೆ ಬಿಳಿ ಛತ್ರಿ ಅಥವಾ ಸಾಫ್ಟ್‌ಬಾಕ್ಸ್ ಇಟ್ಟರೆ ನೆರಳಿನ ಅಂಚು ಮೃದುವಾಗುತ್ತದೆ. ಕಿತ್ತಳೆ ಬಣ್ಣದ ತೆಳುಹಾಳೆ ಕಟ್ಟಿ ಅದಕ್ಕೆ ತಕ್ಕ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಮೈಬಣ್ಣ ಸಹಜವಾಗಿ ಉಳಿದು ಆಕಾಶದ ನೀಲಿ ಗಾಢವಾಗುತ್ತದೆ.

ಮೊದಲು ಫ್ಲ್ಯಾಶ್ ಇಲ್ಲದೆ ಆಕಾಶವು ತುಸು ಕಪ್ಪಾಗಿ ಮೂಡುವಂತೆ ಅಳತೆ ಹೊಂದಿಸಿ, ಅನಂತರ ಮುಖಕ್ಕೆ ಬೇಕಾದಷ್ಟು ಫ್ಲ್ಯಾಶ್ ಸೇರಿಸಲಾಗುತ್ತದೆ. ಈ ಭಾಗದಲ್ಲಿ ಬಳಸಬಹುದಾದ ಮುಸ್ಸಂಜೆಯ ಬೆಳಕು ಸುಮಾರು 20ರಿಂದ 25 ನಿಮಿಷ ಮಾತ್ರ ಇರುತ್ತದೆ. ಕತ್ತಲು ಹೆಚ್ಚಿದಂತೆ ಷಟರನ್ನು 1/200ರಿಂದ 1/100ಕ್ಕೆ, ಮತ್ತೆ 1/50ಕ್ಕೆ ಇಳಿಸಬೇಕು. ಇನ್ನೂ ಇಳಿಸಿದರೆ ಕೈ ಅಲುಗಿ ಚಿತ್ರ ಮಸುಕಾಗಬಹುದು. ಆಗ ಐಎಸ್‌ಒ ಏರಿಸಿ, ಅಷ್ಟೇ ಪ್ರಮಾಣದಲ್ಲಿ ಫ್ಲ್ಯಾಶ್ ಶಕ್ತಿಯನ್ನು ತಗ್ಗಿಸಬೇಕು. ಸಮಯ ಕಡಿಮೆ ಇರುವುದರಿಂದ ನಿಲ್ಲುವ ಜಾಗವನ್ನೂ ದೀಪದ ಸ್ಥಾನವನ್ನೂ ಸೂರ್ಯಾಸ್ತಕ್ಕೆ ಮೊದಲೇ ಗೊತ್ತುಮಾಡಿಕೊಳ್ಳುವುದು ಅಗತ್ಯ.

ಸ್ಥಳ ಮತ್ತು ನಿಯಮ

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಹಾಗೂ ಅರಸೀಕೆರೆಯ ಈಶ್ವರ ದೇವಾಲಯಗಳು ಸಂರಕ್ಷಿತ ಸ್ಮಾರಕಗಳು. ಮೊದಲೆರಡು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸ್ಮಾರಕಗಳ ಆವರಣದಲ್ಲಿ ಮುಕ್ಕಾಲಿ ಬಳಸಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಬೇಕು. ಆದ್ದರಿಂದ ಆವರಣದ ಹೊರಗಿನ ಕೆರೆಯ ದಂಡೆ ಅಥವಾ ಮಾಲೀಕರ ಒಪ್ಪಿಗೆ ಪಡೆದ ತೋಟವನ್ನು ಆರಿಸಿಕೊಳ್ಳುವುದು ಅನುಕೂಲಕರ. ಕೆರೆಯ ಬಯಲಿನಲ್ಲಿ ಗಾಳಿಗೆ ಛತ್ರಿ ಉರುಳುವುದರಿಂದ ದೀಪದ ಕಾಲಿಗೆ ಮರಳಿನ ಚೀಲ ಕಟ್ಟಬೇಕು, ಇಲ್ಲವೇ ಸಹಾಯಕರೊಬ್ಬರು ದೀಪವನ್ನು ಹಿಡಿದಿರಬೇಕು.