ಪಾನ್ಸೆ ಮನೆತನ ಮತ್ತು ಪೇಶ್ವೆಗಳ ತೋಪಖಾನೆ

ಪುಣೆಯಿಂದ ಸಾಸವಡಕ್ಕೆ ಹೋಗುವ ದಿವೆ ಘಾಟಿನ ಮೇಲೆ ಕಣ್ಣಿಡಲು ಕಟ್ಟಿದ ಪುಟ್ಟ ಕೋಟೆ ಮಲ್ಹಾರಗಡ. ಮರಾಠರು ಕಟ್ಟಿದ ಕೊನೆಯ ಕೋಟೆಯೆಂದು ಅದು ಹೆಸರಾಗಿದೆ. ಕಟ್ಟಿಸಿದವರು ಪೇಶ್ವೆಗಳ ತೋಪಖಾನೆಯ ಮುಖ್ಯಸ್ಥರಾಗಿದ್ದ ಪಾನ್ಸೆ ಸರದಾರರು. ಒಳಗೆ ಮಹಾದೇವನ ಗುಡಿಯೂ ಖಂಡೋಬಾನ, ಅಂದರೆ ನಮ್ಮ ಮೈಲಾರಲಿಂಗನ ಗುಡಿಯೂ ಇವೆ. ಬುಡದ ಸೋನೋರಿ ಹಳ್ಳಿಯಲ್ಲಿ ಮನೆತನದ ವಾಡೆ. ತೋಪಖಾನೆಯ ಅಧಿಕಾರ ಒಂದೇ ಮನೆತನದಲ್ಲಿ ಉಳಿದದ್ದರ ಪರಿಣಾಮವನ್ನು ಕರ್ನಾಟಕದ ಮುತ್ತಿಗೆಗಳ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

1756ರ ಸವಣೂರಿನ ಮುತ್ತಿಗೆಯಿಂದಲೇ ತೊಡಗಬೇಕು. ಪೇಶ್ವೆಯ ಸೇವೆ ಬಿಟ್ಟ ಗಾರ್ದಿ (ಯುರೋಪಿನ ರೀತಿಯಲ್ಲಿ ಪಳಗಿದ ಕಾಲಾಳು) ಪಡೆಯ ನಾಯಕ ಮುಜಫರ್ ಖಾನ್ ಸವಣೂರಿನ ನವಾಬನನ್ನು ಸೇರಿಕೊಂಡಿದ್ದ. ಕೋಟೆಯನ್ನು ಮಣಿಸಲು ನಾನಾಸಾಹೇಬ ಪೇಶ್ವೆಗೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳ ನೆರವು ಬೇಕಾಯಿತು. ಮುಂದೆ ಬುಸ್ಸಿಯ ಪದ್ಧತಿಯಲ್ಲಿ ಪಳಗಿದ ಇಬ್ರಾಹಿಂ ಖಾನ್ ಗಾರ್ದಿ ಮರಾಠರ ಕಡೆಗೆ ಬಂದ. 1761ರ ಪಾಣಿಪತದಲ್ಲಿ ಅವರಿಗಾಗಿ ಕಾದಾಡಿ ಸೆರೆಸಿಕ್ಕು ಹತನಾದ. ಮನೆತನದ ಸರದಾರಿಕೆ ಒಂದು ಕಡೆ, ಸಂಬಳಕ್ಕೆ ಬಂದ ಹೊರಗಿನವರ ಕೈಚಳಕ ಇನ್ನೊಂದು ಕಡೆ: ಈ ಒಡಕು ಕೊನೆಯವರೆಗೂ ಬೆಸೆಯಲಿಲ್ಲ.

ಹಾಗೆಂದು ಪಾನ್ಸೆಗಳನ್ನು ಹೆಸರಿಗಷ್ಟೇ ಸರದಾರರೆಂದು ತಳ್ಳಿಹಾಕುವುದು ಅನ್ಯಾಯ. 1779ರ ಜನವರಿಯಲ್ಲಿ ಮುಂಬಯಿಯ ಇಂಗ್ಲಿಷ್ ಸೈನ್ಯ ಬೋರ್ ಘಾಟ್ ಏರಿ ಪುಣೆಯತ್ತ ಸರಿದಾಗ ಅದನ್ನು ಹೆಜ್ಜೆಹೆಜ್ಜೆಗೂ ಕಾಡಿದವರಲ್ಲಿ ಭೀವರಾವ್ ಪಾನ್ಸೆ ಒಬ್ಬ. ಕಾರ್ಲೆಯ ಬಳಿ ಇಂಗ್ಲಿಷ್ ಅಧಿಕಾರಿ ಕ್ಯಾಪ್ಟನ್ ಸ್ಟೂವರ್ಟ್ ತೋಪಿನ ಗುಂಡಿಗೆ ಬಲಿಯಾದ. ತಳೇಗಾಂವದಿಂದ ಹಿಂದೆ ಸರಿಯುವಾಗ ಇಂಗ್ಲಿಷರು ತಮ್ಮ ಭಾರಿ ತೋಪುಗಳನ್ನು ಕೆರೆಗೆ ನೂಕಿ, ವಡಗಾಂವದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು.

ಮರಾಠಾ ತೋಪಖಾನೆಯ ಅಪಕೀರ್ತಿಗೆ ಮೂಲ ಧಾರವಾಡ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಪರಶುರಾಮಭಾವು ಪಟವರ್ಧನ ಟಿಪ್ಪುವಿನ ಆ ಕೋಟೆಯನ್ನು ಮುತ್ತಿದ್ದ. ಟಿಪ್ಪುವಿನ ವಿರುದ್ಧ ಆಗ ಮರಾಠರ ಮಿತ್ರರಾಗಿದ್ದ ಇಂಗ್ಲಿಷರ ತುಕಡಿಯಲ್ಲಿ ಅಲ್ಲಿದ್ದ ಅಧಿಕಾರಿ ಎಡ್ವರ್ಡ್ ಮೂರ್ 1794ರ ತನ್ನ ಗ್ರಂಥದಲ್ಲಿ ಮರಾಠಾ ಗೋಲಂದಾಜರ (ತೋಪು ಹಾರಿಸುವವರ) ಬಗ್ಗೆ ಬರೆದಿದ್ದಾನೆ: ಒಮ್ಮೆ ತೋಪು ತುಂಬಿ ಅರ್ಧ ಗಂಟೆ ಹರಟುತ್ತ ಧೂಮಪಾನ ಮಾಡುತ್ತಾರೆ, ಮಧ್ಯಾಹ್ನ ಊಟಕ್ಕೆಂದು ಎರಡೂ ಪಕ್ಷಗಳು ಸುಮ್ಮನಾಗುತ್ತವೆ ಎಂದು. ನಂತರದವರು ಇದನ್ನೇ ಇಡೀ ಮರಾಠಾ ತೋಪಖಾನೆಯ ಚಿತ್ರವೆಂದು ಬಳಸಿದರು. ಆದರೆ ಅದು ಒಂದು ಮುತ್ತಿಗೆಯಲ್ಲಿ ಮಿತ್ರಪಕ್ಷದ ಅಧಿಕಾರಿಯೊಬ್ಬ, ಅಸಹನೆಯಲ್ಲಿ, ಕಂಡ ನೋಟ. ಮದ್ದಿನ ಪೂರೈಕೆಯೇ ಅಲ್ಲಿ ಸಾಲದೆ ಬರುತ್ತಿತ್ತು. 1791ರ ಫೆಬ್ರವರಿಯಲ್ಲಿ ಇಂಗ್ಲಿಷ್ ತುಕಡಿ ನಡೆಸಿದ ಲಗ್ಗೆಯೂ ವಿಫಲವಾಯಿತು. ಮದ್ದಿಲ್ಲದ ತೋಪಿನ ನಿಧಾನವನ್ನು ಜನರ ಸೋಮಾರಿತನದ ಲೆಕ್ಕಕ್ಕೆ ಬರೆಯಲಾಗದು.

ಹಾಗಾದರೆ ಕೊರತೆ ಎಲ್ಲಿತ್ತು? ಒಂದು ಹೋಲಿಕೆ ನೋಡಬಹುದು. ಅದೇ ಕಾಲದ ರಷ್ಯಾದಲ್ಲಿ ಸಣ್ಣ ಶ್ರೀಮಂತ ಮನೆತನದ ಸೇನಾಧಿಕಾರಿ ಅರಕ್ಚೇಯೆವ್ ಪೀಟರ್ಸ್‌ಬರ್ಗಿನ ತೋಪಖಾನೆ ಶಾಲೆಯಲ್ಲಿ ಕಲಿತು, 1803ರಲ್ಲಿ ಇಡೀ ತೋಪಖಾನೆಯ ಇನ್ಸ್‌ಪೆಕ್ಟರ್ ಆಗಿ, ತೋಪುಗಳ ಅಳತೆಗಳನ್ನು ಏಕರೂಪಕ್ಕೆ ತಂದ. ಅವನೂ ಕುಲೀನನೇ, ಆದರೆ ಅವನ ಹಿಂದೆ ಒಂದು ಶಾಲೆಯಿತ್ತು. ಪುಣೆಯಲ್ಲಿ ಎರಕದ ಕಾರ್ಖಾನೆಗಳು ಬಂದರೂ ಅಂಥ ಶಾಲೆ ಬರಲಿಲ್ಲ. ಪೇಶ್ವೆಗಳ ತೋಪಖಾನೆಯ ಕೊರತೆ ಪಾನ್ಸೆಗಳ ಶೌರ್ಯದ್ದಲ್ಲ, ಗೋಲಂದಾಜರ ಸೋಮಾರಿತನದ್ದೂ ಅಲ್ಲ. ವಿದ್ಯೆಯನ್ನು ಸಂಸ್ಥೆಯಾಗಿ ನಿಲ್ಲಿಸದೆ ಹುದ್ದೆಯನ್ನು ಮಾತ್ರ ವಂಶಕ್ಕೆ ಬಿಟ್ಟ ರಾಜ್ಯವ್ಯವಸ್ಥೆಯದು.