ಒಲಿಂಪಿಕ್ಸ್ ಈಜುಗಾರರು ಬೆಂಗಳೂರಿಂದಲೇ ಯಾಕೆ? ಕ್ಲಬ್, ಕೊಳ, ಸ್ಪರ್ಧೆ ಬಗ್ಗೆ ಪೂರ್ತಿ ಮಾಹಿತಿ

ರಾಜ್ಯದಿಂದ ಒಲಿಂಪಿಕ್ಸ್‌ಗೆ ಹೋದ ಈಜುಗಾರರ ಪಟ್ಟಿ ನೋಡಿದ್ರೆ ಮತ್ತೆ ಮತ್ತೆ ಸಿಗೋದು ಒಂದೇ ಊರು, ಬೆಂಗಳೂರು. 2000ರ ಸಿಡ್ನಿಗೆ ನಿಶಾ ಮಿಲೆಟ್, 2004ರ ಅಥೆನ್ಸ್‌ಗೆ ಶಿಖಾ ಟಂಡನ್, 2008ರ ಬೀಜಿಂಗ್‌ಗೆ ರೆಹಾನ್ ಪೂಂಚಾ, 2012ರ ಲಂಡನ್‌ಗೆ ಎ.ಪಿ. ಗಗನ್. ಟೋಕಿಯೊ, ಪ್ಯಾರಿಸ್ ಎರಡಕ್ಕೂ ಶ್ರೀಹರಿ ನಟರಾಜ್. 2024ರ ಪ್ಯಾರಿಸ್‌ಗೆ ಧಿನಿಧಿ ದೇಸಿಂಗು ಹೋದಾಗ ವಯಸ್ಸು ಬರೀ 14. ಭಾರತ ತಂಡದಲ್ಲೇ ಅತಿ ಕಿರಿಯಳು.

ನದಿ, ಹೊಳೆ, ಸಮುದ್ರ ಇರೋದು ಕರಾವಳಿ, ಮಲೆನಾಡಲ್ಲಿ. ಈಜುಗಾರರು ಬಂದಿದ್ದು ದೊಡ್ಡ ನದಿಯೇ ಇಲ್ಲದ ಊರಿಂದ. ಕಾರಣ ನೀರಲ್ಲ, ಕ್ಲಬ್.

ಕೊಳ ಬೇರೆ, ಕ್ಲಬ್ ಬೇರೆ

ಕೊಳ ಅಂದ್ರೆ ಜಾಗ. ಕ್ಲಬ್ ಅಂದ್ರೆ ಕೋಚ್, ವರ್ಷಪೂರ್ತಿ ಅಭ್ಯಾಸ, ಜೊತೆಗೆ ಈಜೋಕೆ ನಮ್ಮಷ್ಟೇ ವೇಗದ ಹುಡುಗರು. ಬೆಂಗಳೂರಲ್ಲಿ ಎರಡು ಹೆಸರು ದೊಡ್ಡವು. ಒಂದು ಬಸವನಗುಡಿ ಅಕ್ವಾಟಿಕ್ ಸೆಂಟರ್. ನಿಶಾ ಮಿಲೆಟ್ ಅವರನ್ನು ಬೆಳೆಸಿದ ಕೋಚ್ ಎಸ್. ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಇನ್ನೊಂದು ಡಾಲ್ಫಿನ್ ಅಕ್ವಾಟಿಕ್ಸ್. ಇದರ ಕೋಚ್ ನಿಹಾರ್ ಅಮೀನ್ ಅವರಿಗೆ 2015ರಲ್ಲೇ ಅದೇ ಪ್ರಶಸ್ತಿ ಸಿಕ್ಕಿತ್ತು. ಧಿನಿಧಿ ಈ ಕ್ಲಬ್‌ನವಳು. ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಇವರ ತರಬೇತಿ ನಡೆಯುತ್ತೆ.

ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ, ಹಲಸೂರು ಕೆರೆ ಹತ್ತಿರದ ಕೆನ್ಸಿಂಗ್ಟನ್ ಈಜುಕೊಳ ಕೂಡ ಹಳೇ ಹೆಸರುಗಳು. 2019ರಲ್ಲಿ ಏಷ್ಯನ್ ವಯೋವರ್ಗ ಚಾಂಪಿಯನ್‌ಷಿಪ್ ನಡೆದಿದ್ದು ಇದೇ ನಗರದಲ್ಲಿ.

50 ಮೀಟರ್ ಯಾಕೆ ಬೇಕು?

ಒಲಿಂಪಿಕ್ಸ್ ಕೊಳದ ಉದ್ದ 50 ಮೀಟರ್. ಅದರಲ್ಲಿ 100 ಮೀಟರ್ ಈಜಿದ್ರೆ ಒಂದೇ ಸಲ ತಿರುಗಬೇಕು. 25 ಮೀಟರ್ ಕೊಳದಲ್ಲಾದ್ರೆ ಮೂರು ಸಲ. ಪ್ರತಿ ಸಲ ಗೋಡೆಗೆ ಒದ್ದು ವೇಗ ಸಿಗೋದರಿಂದ ಸಮಯ ಕಮ್ಮಿ ಬರುತ್ತೆ. ಅದಕ್ಕೇ ಎರಡರ ದಾಖಲೆಗಳೂ ಬೇರೆ ಬೇರೆ. ಸಣ್ಣ ಕೊಳದಲ್ಲಷ್ಟೇ ಅಭ್ಯಾಸ ಮಾಡಿದ ಮಗುವಿಗೆ ದೊಡ್ಡ ಕೊಳದ ಕೊನೇ 15–20 ಮೀಟರ್ ಭಾರೀ ಕಷ್ಟ.

ಸಮಯದ ಲೆಕ್ಕ ಎಷ್ಟು ಸೂಕ್ಷ್ಮ ಅಂದ್ರೆ, ಟೋಕಿಯೊಗೆ ನೇರ ಅರ್ಹತೆಗೆ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 53.85 ಸೆಕೆಂಡ್ ಬೇಕಿತ್ತು. ಶ್ರೀಹರಿ 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಈಜಿದ್ದು 53.77. ವ್ಯತ್ಯಾಸ ಒಂದು ಸೆಕೆಂಡಿನ ನೂರರಲ್ಲಿ 8 ಭಾಗ. 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಶ್ರೀಹರಿ, ಧಿನಿಧಿ ತಲಾ 9 ಚಿನ್ನ ಗೆದ್ದರು.

ಸ್ಪರ್ಧೆ ಹೇಗೆ ನಡೆಯುತ್ತೆ?

ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಅಂತ ನಾಲ್ಕು ಬಗೆ. ನಾಲ್ಕನ್ನೂ ಸೇರಿಸಿದ್ರೆ ಮೆಡ್ಲೆ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈನಲ್ಲಿ ತಿರುಗುವಾಗ, ಮುಗಿಸುವಾಗ ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು. ಒಂದು ಕೈ ಮುಟ್ಟಿದ್ರೆ ಗೆದ್ದವನೂ ಔಟ್. ಮಕ್ಕಳಿಗೆ ವಯಸ್ಸಿನ ಪ್ರಕಾರ ಗುಂಪು ಇರುತ್ತೆ. ರಾಜ್ಯದಲ್ಲಿ ಕರ್ನಾಟಕ ಈಜು ಸಂಸ್ಥೆ, ದೇಶಕ್ಕೆ ಭಾರತೀಯ ಈಜು ಫೆಡರೇಷನ್ ಸ್ಪರ್ಧೆ ನಡೆಸುತ್ತವೆ.

ಅಂಗವಿಕಲ ಮಕ್ಕಳಿಗೂ ದಾರಿ ಇದೆ. ಎಡಗೈ ಪೂರ್ತಿ ಬೆಳೆಯದ ಬೆಂಗಳೂರಿನ ಶರತ್ ಗಾಯಕವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕ ತಂದರು.

ತಾಲ್ಲೂಕಿನ ಪೋಷಕರಿಗೆ

ಕೆರೆ, ಬಾವಿ, ಕಾಲುವೆಯಲ್ಲಿ ಈಜು ಕಲಿತ ಮಕ್ಕಳಿಗೆ ಉಸಿರು, ಧೈರ್ಯ ಎರಡೂ ಇರುತ್ತೆ. ಆದ್ರೆ ಅಲ್ಲಿ ಅಳತೆ ಇಲ್ಲ, ತಿರುಗೋಕೆ ಗೋಡೆ ಇಲ್ಲ, ತಪ್ಪು ತಿದ್ದೋರಿಲ್ಲ. ಹೂಳು, ಗುಂಡಿ ಎಲ್ಲಿದೆ ಅಂತ ಗೊತ್ತಾಗಲ್ಲ, ಜೀವಕ್ಕೇ ಅಪಾಯ. ಬೇಸಿಗೆ ಶಿಬಿರಕ್ಕೆ ಸೇರಿಸಿದ್ರೆ ಮಗು ತೇಲೋದು, ಕೈಕಾಲು ಬಡಿಯೋದು ಕಲಿಯುತ್ತೆ, ಸ್ಪರ್ಧೆಗೆ ಅಷ್ಟು ಸಾಲದು.

ಸೇರಿಸೋ ಮುಂಚೆ ಇಷ್ಟು ಕೇಳಿ: ಕೊಳದ ಉದ್ದ, ಆಳ ಎಷ್ಟು? ಲೈಫ್‌ಗಾರ್ಡ್ ಯಾವಾಗಲೂ ಇರ್ತಾರಾ? ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಮಳೆಗಾಲ, ಚಳಿಗಾಲದಲ್ಲೂ ತರಬೇತಿ ನಡೆಯುತ್ತಾ? ಕ್ಲಬ್ ರಾಜ್ಯ ಸಂಸ್ಥೆಗೆ ಸೇರಿದೆಯಾ? ಕೊನೇ ಎರಡಕ್ಕೆ ಹೌದು ಅಂದ್ರೆ ಅದು ಕ್ಲಬ್. ಇಲ್ಲ ಅಂದ್ರೆ ಅದು ಬರೀ ಕೊಳ.