ಎತ್ತರ ಅಳೆಯುವ ಕಾನೂನು, ಉರಿಯುವ ಸರಕು: ಮಂಗಳೂರಿನಲ್ಲಿ ಅಗ್ನಿಸುರಕ್ಷತೆಯ ವಕಾಲತ್ತು

ಮಂಗಳೂರಿನ ವಕೀಲರ ಕಚೇರಿಗಳ ನಾಮಫಲಕಗಳಲ್ಲಿ ಅಗ್ನಿಸುರಕ್ಷತಾ ಕಾನೂನಿನ ತಜ್ಞರೆಂದು ಬರೆದುಕೊಳ್ಳುವಂತಿಲ್ಲ. 1961ರ ವಕೀಲರ ಅಧಿನಿಯಮದಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಡವಳಿಕೆಯ ನಿಯಮಗಳಲ್ಲಿ 36ನೆಯದು, ಇಂಥದೇ ಕೆಲಸದಲ್ಲಿ ನುರಿತವರೆಂದು ಫಲಕದಲ್ಲಿ ಸಾರಿಕೊಳ್ಳುವುದನ್ನು ನಿಷೇಧಿಸುತ್ತದೆ. ಜಾಲತಾಣದಲ್ಲಿ ವೃತ್ತಿಕ್ಷೇತ್ರವನ್ನು ನಮೂದಿಸಲು ಮಾತ್ರ 2008ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಬೆಂಕಿಯ ವ್ಯಾಜ್ಯವೂ ಒಂದೇ ಕಡತವಾಗಿ ಯಾರ ಮೇಜಿಗೂ ಬರುವುದಿಲ್ಲ. ಟ್ಯಾಂಕರ್ ಬೆಂಕಿಯಲ್ಲಿ ಸತ್ತವರ ಮನೆಯವರು ಮೋಟಾರು ವಾಹನ ಅಪಘಾತ ನ್ಯಾಯಮಂಡಳಿಗೆ ಹೋಗುತ್ತಾರೆ. ಗೋದಾಮು ಕಳೆದುಕೊಂಡ ವ್ಯಾಪಾರಿ ವಿಮೆ ಸಿಗದಿದ್ದರೆ ಗ್ರಾಹಕರ ಆಯೋಗಕ್ಕೆ, ಆರೋಪಿಯಾದ ಮಾಲೀಕರು ಮ್ಯಾಜಿಸ್ಟ್ರೇಟರ ಮುಂದೆ, ಅಧಿಕಾರಿಯ ಆದೇಶವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸುವವರು ಘಟ್ಟ ಹತ್ತಿ ಬೆಂಗಳೂರಿನ ಹೈಕೋರ್ಟಿಗೆ. ಇವನ್ನೆಲ್ಲ ಒಟ್ಟಿಗೆ ಹಿಡಿದು ನೋಡಬಲ್ಲ ವಕೀಲರು ನಗರಕ್ಕೆ ಬೇಕು ಎಂಬ ಕಾಳಜಿಯಿಂದಲೇ ಈ ಲೇಖನ ಹುಟ್ಟಿದೆ.

ನನ್ನ ವಾದ ಇಷ್ಟು. ಕರ್ನಾಟಕದ ಅಗ್ನಿಸುರಕ್ಷತಾ ಆಡಳಿತ ಅಪಾಯವನ್ನು ಮುಖ್ಯವಾಗಿ ಕಟ್ಟಡದ ಎತ್ತರದಿಂದ ಅಳೆಯುತ್ತದೆ. ಮಂಗಳೂರಿನಂಥ ಬಂದರು ಪಟ್ಟಣದಲ್ಲಿ ಅಪಾಯದ ದೊಡ್ಡ ಪಾಲು ಇರುವುದು ಕೂಡಿಟ್ಟ ಸರಕಿನಲ್ಲಿ, ರಸ್ತೆಯ ಮೇಲೆ ಸಾಗುವ ಅನಿಲದಲ್ಲಿ. ಈ ಎರಡರ ನಡುವಿನ ತೆರಪಿನಲ್ಲಿ ನಿಂತು, ಬೇರೆ ಬೇರೆ ಕಾನೂನುಗಳಿಂದ ತುಣುಕು ತಂದು ಹೊಲಿಯುವುದೇ ಇಲ್ಲಿನ ವಕೀಲರ ನಿಜವಾದ ಕೆಲಸ.

ಹಿಂದೆ ಕಾನೂನು ನೋಡುತ್ತಿದ್ದದ್ದು ಎತ್ತರವನ್ನಲ್ಲ. ದಕ್ಷಿಣ ಕನ್ನಡ ಮದ್ರಾಸ್ ಆಡಳಿತದಲ್ಲಿದ್ದಾಗ ಇಲ್ಲಿನ ಪುರಸಭೆಗೆ ಅನ್ವಯಿಸುತ್ತಿದ್ದ 1920ರ ಮದ್ರಾಸ್ ಜಿಲ್ಲಾ ಪುರಸಭೆಗಳ ಕಾಯ್ದೆ ಬಟ್ಟೆ, ಹುಲ್ಲು, ಸೋಗೆ, ಚಾಪೆಯಂಥ ಬೇಗ ಹೊತ್ತಿಕೊಳ್ಳುವ ವಸ್ತುವಿನಿಂದ ಹೊರಮಾಡು, ಜಗಲಿ, ಚಪ್ಪರ ಕಟ್ಟಲು ಅನುಮತಿ ಬೇಕೆಂದಿತ್ತು. ಅದಕ್ಕೂ ಮುಂಚೆ 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದರು. ಮಂಗಳೂರು ಹಂಚಿನ ಚರಿತ್ರೆಯನ್ನು ನಾವು ಉದ್ಯಮದ ಚರಿತ್ರೆಯಾಗಿ, ಮಳೆಯ ಚರಿತ್ರೆಯಾಗಿ ಓದುತ್ತೇವೆ. ಮುಳಿಹುಲ್ಲಿನ ಮಾಡು ಒಂದು ಕಿಡಿಗೆ ಕೇರಿಯನ್ನೇ ಬಲಿಕೊಡಬಲ್ಲದು, ಸುಟ್ಟ ಮಣ್ಣಿನ ಹಂಚು ಉರಿಯುವುದಿಲ್ಲ. ಆದ್ದರಿಂದ ಅದನ್ನು ಬೆಂಕಿಯ ಚರಿತ್ರೆಯಾಗಿಯೂ ಓದಬೇಕಿದೆ. ಕಾನೂನು ಅಂದು ಕೇಳುತ್ತಿದ್ದ ಪ್ರಶ್ನೆ ಸರಳವಾಗಿತ್ತು: ಇಲ್ಲಿ ಉರಿಯುವಂಥದ್ದು ಏನಿದೆ?

ಈಗಿನ ಚೌಕಟ್ಟಿಗೆ ಬರೋಣ. ಸಂವಿಧಾನದ ಹನ್ನೆರಡನೇ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ಮಾತ್ರ ಅದು 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮದಡಿ ರಾಜ್ಯ ಸರ್ಕಾರದ ದಳವಾಗಿಯೇ ಉಳಿದಿದೆ. ಮಂಗಳೂರಿನ ಪಾಂಡೇಶ್ವರ, ಕದ್ರಿ ಠಾಣೆಗಳು ಪಾಲಿಕೆಯವಲ್ಲ. ಕಟ್ಟಡದ ಪರವಾನಗಿ ಕೊಡುವವರು ಒಬ್ಬರು, ಬೆಂಕಿ ನಂದಿಸುವವರು ಇನ್ನೊಬ್ಬರು. ಅಧಿನಿಯಮದ 13ನೇ ಪ್ರಕರಣ ಬೆಂಕಿಯ ಅಪಾಯವಿರುವ ಉಪಯೋಗದ ಜಾಗಗಳ ಮಾಲೀಕರು ಅಥವಾ ಅನುಭೋಗದಾರರು ಮುನ್ನೆಚ್ಚರಿಕೆ ವಹಿಸಬೇಕೆಂದು ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಉಪಯೋಗ ಎಂಬ ಆ ಮಾತನ್ನು ಗಮನಿಸಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಮಂದಿ ಸತ್ತ ಮೇಲೆ, 2011ರಲ್ಲಿ ಬಂದ ಅಧಿಸೂಚನೆ ಮುಖ್ಯವಾಗಿ ಬಹುಮಹಡಿ ಕಟ್ಟಡಗಳನ್ನು ಕುರಿತದ್ದು. ದುರಂತ ನಡೆದದ್ದು ಎತ್ತರದ ಕಟ್ಟಡದಲ್ಲಿ, ಹಾಗಾಗಿ ಪರಿಹಾರವೂ ಎತ್ತರದ ಭಾಷೆಯಲ್ಲೇ ಬಂತು.

ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮುಟ್ಟಿದ್ದನ್ನು ಬಹುಮಹಡಿ ಎನ್ನುತ್ತದೆ. ಕರ್ನಾಟಕ ಈ ಮಿತಿಯನ್ನು ಆಮೇಲೆ 21 ಮೀಟರಿಗೆ ಏರಿಸಿತು. ಅದೇ ಸಂಹಿತೆ ಕಟ್ಟಡಗಳನ್ನು ಬಳಕೆಯ ಪ್ರಕಾರ ಒಂಬತ್ತು ಗುಂಪಾಗಿ ವಿಂಗಡಿಸಿ, ದಾಸ್ತಾನಿನ ಕಟ್ಟಡಗಳಿಗೂ ಅಪಾಯಕಾರಿ ವಸ್ತುಗಳ ಕಟ್ಟಡಗಳಿಗೂ ಪ್ರತ್ಯೇಕ ಸ್ಥಾನ ಕೊಟ್ಟಿರುವುದು ವಾದದಲ್ಲಿ ಮರೆತುಹೋಗುತ್ತದೆ. ಸಂಹಿತೆ ತನ್ನಷ್ಟಕ್ಕೆ ಕಡ್ಡಾಯವಲ್ಲ, ಸ್ಥಳೀಯ ಉಪವಿಧಿಗಳು ಅದನ್ನು ಒಪ್ಪಿಕೊಂಡಷ್ಟು ಮಾತ್ರ ಅದಕ್ಕೆ ಬಲ. ಬಳಕೆಯ ವಿಂಗಡಣೆಯನ್ನು ನ್ಯಾಯಾಲಯದ ಮುಂದಿಟ್ಟು, 13ನೇ ಪ್ರಕರಣದ ಮೂಲ ಉದ್ದೇಶವೂ ಅದೇ ಎಂದು ತೋರಿಸುವುದು ಒಳ್ಳೆಯ ವಾದವಾಗಬಲ್ಲದು.

ಹಳೆ ಬಂದರಿನ ಓಣಿಗಳನ್ನು ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. ಒಂದೆರಡು ಅಂತಸ್ತಿನ ಹಂಚಿನ ಗೋದಾಮುಗಳು, ಒಳಗೆ ಮರದ ಅಟ್ಟ. ಕೊಬ್ಬರಿಯನ್ನೇ ತೆಗೆದುಕೊಳ್ಳಿ. ಸರಿಯಾಗಿ ಒಣಗದ ಕೊಬ್ಬರಿ ರಾಶಿ ಬಿದ್ದಲ್ಲಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು. ಅಂತರರಾಷ್ಟ್ರೀಯ ಸಾಗಣೆ ನಿಯಮಗಳು ಅದನ್ನು ಸ್ವಯಂ ಕಾವೇರುವ ವಸ್ತುಗಳ ಪಟ್ಟಿಯಲ್ಲಿಟ್ಟಿವೆ. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಸುಲಭಕ್ಕೆ ಆರದ ಉರಿ. ಇಂಥ ಗೋದಾಮಿನ ಎತ್ತರ ಏಳೆಂಟು ಮೀಟರ್, ಎತ್ತರದ ಲೆಕ್ಕದಲ್ಲಿ ಅದು ಅಪಾಯವೇ ಅಲ್ಲ. ಕದ್ರಿಯ 40 ಅಂತಸ್ತಿನ ಕಟ್ಟಡಕ್ಕೆ ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರ ಬೇಕು, ಬಂದರಿನ ಕೊಬ್ಬರಿ ಅಟ್ಟಕ್ಕೆ ಪಾಲಿಕೆಯ ಉದ್ದಿಮೆ ಪರವಾನಗಿಯೊಂದೇ ಆಸರೆ. ನಿರಾಕ್ಷೇಪಣಾ ಪತ್ರವಾದರೂ ಪರಿಶೀಲನೆ ನಡೆದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮರುದಿನ ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆ ಪೇರಿಸಿದರೆ ಪತ್ರಕ್ಕೆ ಅದು ಗೊತ್ತಾಗುವುದಿಲ್ಲ.

ಹಾಗಾಗಿ ಬೆಂಕಿ ಬೀಳುವ ಮೊದಲಿನ ವಕೀಲಿಕೆ ನಡೆಯುವುದು ಬಾಡಿಗೆ ಕರಾರಿನಲ್ಲಿ. ಏನನ್ನು, ಎಷ್ಟು ಎತ್ತರಕ್ಕೆ, ಎಷ್ಟು ದಿನ ಪೇರಿಸಬಹುದು. ವಿದ್ಯುತ್ ತಂತಿಯನ್ನು ಯಾರು, ಯಾವಾಗ ಪರೀಕ್ಷಿಸಬೇಕು. ಹಿಂಬಾಗಿಲಿನ ಬೀಗದ ಕೈ ಯಾರಲ್ಲಿರಬೇಕು. ಈ ಮೂರು ಮಾತು ಕರಾರಿನಲ್ಲಿದ್ದರೆ ಮಾಲೀಕರು, ಬಾಡಿಗೆದಾರರು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುವ ದಾರಿ ಮುಚ್ಚುತ್ತದೆ. ಬ್ರಿಟನ್ನಿನ 2005ರ ಅಗ್ನಿಸುರಕ್ಷತಾ ಆದೇಶ ‘ಹೊಣೆಗಾರ ವ್ಯಕ್ತಿ’ ಯಾರೆಂದು ಕಾನೂನಿನಲ್ಲೇ ಹೇಳಿತು. ಆದರೂ 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದು 72 ಮಂದಿ ಸತ್ತರು, ಅಲ್ಲಿನ ಹೊರಹೊದಿಕೆಯೇ ಉರಿಯುವ ವಸ್ತುವಾಗಿತ್ತು. ಎತ್ತರದ ಕಟ್ಟಡದಲ್ಲೂ ಕೊನೆಗೆ ಪ್ರಶ್ನೆ ಸರಕಿನದೇ ಆಯಿತು. ವಿಮಾ ಪಾಲಿಸಿಯ ವಿಷಯವೂ ಹಾಗೆಯೇ. ಗೋದಾಮಿನಲ್ಲಿ ಇಟ್ಟದ್ದೊಂದು, ಪಾಲಿಸಿಯಲ್ಲಿ ಬರೆಸಿದ್ದೊಂದು ಆದರೆ ಪರಿಹಾರದ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ.

ಇನ್ನು ರಸ್ತೆ. ತೈಲ ಶುದ್ಧೀಕರಣಾಗಾರ, ನವ ಮಂಗಳೂರು ಬಂದರು, ಅನಿಲ ಸಂಗ್ರಹಾಗಾರಗಳು ಇರುವ ಊರಿನಿಂದ ಅಡುಗೆ ಅನಿಲದ ಟ್ಯಾಂಕರುಗಳು ಘಟ್ಟಕ್ಕೂ ಕೇರಳಕ್ಕೂ ಹೊರಡುತ್ತವೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಉರುಳಿ 20 ಮಂದಿಯ ಸಾವಿಗೆ ಕಾರಣವಾದ ಟ್ಯಾಂಕರ್ ಮಂಗಳೂರಿನಿಂದ ಹೋದದ್ದು. ಮರುವರ್ಷ, 2013ರ ಏಪ್ರಿಲ್ 9ರಂದು, ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಹೆದ್ದಾರಿಯ ಬದಿಯ ಮನೆಗಳಿಗೇ ಇನ್ನೊಂದು ಟ್ಯಾಂಕರಿನ ಉರಿ ನುಗ್ಗಿತು. ಆ ಮನೆಯವರು ಪ್ರಯಾಣಿಕರಲ್ಲ, ಕಾರ್ಮಿಕರಲ್ಲ, ಗ್ರಾಹಕರೂ ಅಲ್ಲ. ಅವರ ಪರವಾಗಿ ಯಾವ ಬಾಗಿಲು ತಟ್ಟಬೇಕು?

ಇಲ್ಲಿ ನೆರವಿಗೆ ಬರುವುದು 1991ರಲ್ಲಿ ಸುಪ್ರೀಂ ಕೋರ್ಟು ಶಿವಾಜಿ ದಯಾನು ಪಾಟೀಲ್ ಪ್ರಕರಣದಲ್ಲಿ ಕೊಟ್ಟ ತೀರ್ಪು. 1987ರ ಅಕ್ಟೋಬರ್ 29ರ ನಸುಕಿನ ಸುಮಾರು 3 ಗಂಟೆಗೆ, ಪುಣೆ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಪೆಟ್ರೋಲ್ ಟ್ಯಾಂಕರೊಂದು ಸಾತಾರಾ ಜಿಲ್ಲೆಯಲ್ಲಿ ಲಾರಿಗೆ ಡಿಕ್ಕಿಯಾಗಿ ಉರುಳಿತ್ತು. ಸೋರುತ್ತಿದ್ದ ಪೆಟ್ರೋಲಿಗೆ ಜನ ಸೇರಿದರು. ಸುಮಾರು ನಾಲ್ಕು ತಾಸಿನ ಬಳಿಕ ಸ್ಫೋಟವಾಗಿ 46 ಮಂದಿ ಸತ್ತರು. ನಿಂತ ವಾಹನದಿಂದ ಆದ ಸ್ಫೋಟ ವಾಹನದ ‘ಬಳಕೆ’ಯಿಂದಾದದ್ದಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಬಳಕೆಗೂ ಅಪಘಾತಕ್ಕೂ ನಂಟು ನೇರವಾಗಿರಲೇಬೇಕೆಂದಿಲ್ಲ ಎಂದು ಹೇಳಿತು. ಕರಾವಳಿಯ ಹೆದ್ದಾರಿ ಬದಿಯವರಿಗೆ ಇದಕ್ಕಿಂತ ಉಪಯುಕ್ತವಾದ ತೀರ್ಪು ವಿರಳ. ಇದರ ಜೊತೆಗೆ 1986ರ ಓಲಿಯಂ ಅನಿಲ ಸೋರಿಕೆ ತೀರ್ಪು ಅಪಾಯಕಾರಿ ಉದ್ಯಮದ ಮೇಲೆ ಹೊರಿಸಿದ ಪೂರ್ಣ ಹೊಣೆಗಾರಿಕೆಯೂ ಇದೆ, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯೂ ಇದೆ. ಎರಡನೆಯದರಡಿ ಜಿಲ್ಲಾಧಿಕಾರಿಯೇ ತಕ್ಷಣದ ಪರಿಹಾರ ಕೊಡಿಸಬಹುದು. ಆದರೆ ಕಾಯ್ದೆ ಬಂದಾಗ ಒಂದು ಜೀವಕ್ಕೆ ಗೊತ್ತುಮಾಡಿದ ಮೊತ್ತ ಬರೀ 25,000 ರೂಪಾಯಿ. ಇದು ಅನ್ಯಾಯವೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ದಂಡನೆಯ ಕಡೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ನಿರ್ಲಕ್ಷ್ಯದ ಸಾವಿಗೆ ಹಳೆಯ ದಂಡಸಂಹಿತೆಯ 304ಎ ಎರಡು ವರ್ಷದವರೆಗೆ ಸೆರೆ ಹೇಳಿದ್ದರೆ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಪ್ರಕರಣ ಐದು ವರ್ಷದವರೆಗೆ ಹೇಳುತ್ತದೆ. ಶಿಕ್ಷೆ ಹೆಚ್ಚಿತೇ ಹೊರತು ಸಾಕ್ಷ್ಯದ ಕಷ್ಟ ಕಡಿಮೆಯಾಗಲಿಲ್ಲ. ಮಹಜರಿನಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂಬ ಎರಡು ಪದ ಬಿದ್ದರೆ ತನಿಖೆ ಅಲ್ಲಿಗೇ ನಿಲ್ಲುವ ಅಪಾಯವಿದೆ. ಯಾವ ತಂತಿ, ಯಾರ ಮೀಟರಿನ ಯಾವ ಬದಿಗೆ, ತಂತಿಯ ಕರಗು ಬೆಂಕಿಗೆ ಮೊದಲಿನದೋ ಅನಂತರದ್ದೋ ಎಂದು ಪಾಟೀಸವಾಲಿನಲ್ಲಿ ಕೇಳುವವರಿದ್ದರೆ ಹೊಣೆ ವಿದ್ಯುತ್ ಪೂರೈಸುವ ಮೆಸ್ಕಾಂ, ಮಾಲೀಕರು, ಬಾಡಿಗೆದಾರರ ನಡುವೆ ಸರಿಯಾಗಿ ಹಂಚಿಕೆಯಾಗುತ್ತದೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಮಾಡಿದ್ದು ಇಂಥ ಹಂಚಿಕೆಯನ್ನೇ. ಪರಿಹಾರದ ಶೇ. 85 ಚಿತ್ರಮಂದಿರದವರ ಮೇಲೆ, ಶೇ. 15 ವಿದ್ಯುತ್ ಮಂಡಳಿಯ ಮೇಲೆ ಬಿತ್ತು. ಪಾಲಿಕೆಗೂ ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೂ ಪರಿಹಾರದ ಹೊಣೆ ಬೀಳಲಿಲ್ಲ. ಪರಿಶೀಲಿಸದೆ ಬಿಟ್ಟ ಅಧಿಕಾರಿಯನ್ನು ಬೆಂಕಿಯ ನಂತರ ಹಣಕಾಸಿಗೆ ಹೊಣೆಯಾಗಿಸುವುದು ಎಷ್ಟು ಕಷ್ಟವೆಂದು ಈ ತೀರ್ಪು ತೋರಿಸುತ್ತದೆ. ಅಧಿಕಾರಿಯನ್ನು ಎಬ್ಬಿಸಬೇಕಾದ್ದು ಬೆಂಕಿಗೆ ಮೊದಲೇ.

ಅದಕ್ಕೊಂದು ಹಳೆಯ ದಾರಿ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಪ್ರಕರಣ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣವಾಗಿ ಮುಂದುವರಿದಿದೆ. ಅಗ್ನಿ ಅನಾಹುತ ಅಥವಾ ಸ್ಫೋಟಕ್ಕೆ ಕಾರಣವಾಗಬಹುದಾದ ಕಟ್ಟಡವನ್ನಾಗಲಿ ವಸ್ತುವನ್ನಾಗಲಿ ತಡೆಯುವ ಷರತ್ತಿನ ಆದೇಶವನ್ನು ಕಾರ್ಯನಿರ್ವಾಹಕ ದಂಡಾಧಿಕಾರಿ ಹೊರಡಿಸಬಹುದು. ಇಲ್ಲಿ ಮೀಟರಿನ ಲೆಕ್ಕವಿಲ್ಲ, ಯಾರೂ ಸತ್ತಿರಬೇಕಾಗಿಲ್ಲ, ಅರ್ಜಿದಾರರು ನಷ್ಟ ಅನುಭವಿಸಿರಬೇಕಾಗಿಲ್ಲ. 2024ರ ಜನವರಿ 28ರಂದು ಬೆಳ್ತಂಗಡಿ ತಾಲ್ಲೂಕಿನ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಕಾ ಘಟಕ ಸ್ಫೋಟಿಸಿ ಮೂವರು ಸತ್ತರು. ಕಟ್ಟಡದ ಎತ್ತರದ ಯಾವ ನಿಯಮವೂ ಅಂಥ ಘಟಕವನ್ನು ಮುಟ್ಟುವುದಿಲ್ಲ. ಸ್ಫೋಟಕ ಕಾಯ್ದೆಯ ಪರವಾನಗಿಯ ಷರತ್ತುಗಳು, ಈ 152ನೇ ಪ್ರಕರಣ ಎರಡೂ ಮುಟ್ಟಬಲ್ಲವು. ಅರ್ಜಿಗೆ ಬೇಕಾದ್ದು ಓಣಿಯ ಅಗಲದ ಅಳತೆ, ಒಳಗಿರುವ ಸರಕಿನ ವಿವರ, ಮಾಹಿತಿ ಹಕ್ಕಿನಡಿ ಪಡೆದ ಪರವಾನಗಿಯ ಪ್ರತಿ, ಹತ್ತಿರದ ಮನೆಗಿರುವ ದೂರ. ಆದೇಶಕ್ಕೆ ಎದುರುಪಕ್ಷದವರು ಹಾಜರಾಗಿ, ತಮ್ಮ ಸರಕು ಏಕೆ ಅಪಾಯಕಾರಿಯಲ್ಲವೆಂದು ದಂಡಾಧಿಕಾರಿಯ ಮುಂದೆ ಕಾರಣ ತೋರಿಸಬೇಕಾಗುತ್ತದೆ.